ಎಣ್ಣೆ ಬಾಯ್ಲರ್‌ನಿಂದ ಹೀಟ್ ಪಂಪ್‌ಗೆ: ಅನುದಾನ ದೊರೆತ ಬಗೆ

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿರುವ, ಅನಿಲದ ಕೊಳವೆ ತಲುಪದ ನಮ್ಮ ಮನೆಯ ಎಣ್ಣೆ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಹೊರಗಿನ ಶಾಖವನ್ನು ಹೀರಿ, ನೀರು ಬಿಸಿಮಾಡಿ ಮನೆಯನ್ನು ಬೆಚ್ಚಗಿಡುವ ವಿದ್ಯುತ್ ಯಂತ್ರ) ಹಾಕಿಸಲು ಸರ್ಕಾರದ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮಿನ 7,500 ಪೌಂಡ್ ಅನುದಾನ ಬೇಕಿತ್ತು. ಇದಕ್ಕೆ ಮನೆಯ ಮಾಲೀಕರು ಅರ್ಜಿ ಹಾಕುವಂತಿಲ್ಲ. ಎಂಸಿಎಸ್ ಎಂಬ ಗುಣಮಟ್ಟ ಪ್ರಮಾಣೀಕರಣ ಸಂಸ್ಥೆಯ ಮಾನ್ಯತೆ ಪಡೆದ, ಪಂಪ್ ಅಳವಡಿಸುವ ಕಂಪನಿಯವರೇ ಇಂಧನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್‌ಗೆ ಸಲ್ಲಿಸಬೇಕು. ತೊಡಕಾದದ್ದು ಇಪಿಸಿ, ಅಂದರೆ ಮನೆಯ ಇಂಧನ ದಕ್ಷತೆಯ ಪ್ರಮಾಣಪತ್ರ: ಹಿಂದಿನ ಮಾಲೀಕರು ಮಾಡಿಸಿದ್ದ ಅದರ 10 ವರ್ಷಗಳ ಅವಧಿ ಮುಗಿದಿತ್ತು. ಮೌಲ್ಯಮಾಪಕರನ್ನು ಕರೆಸಿ ಹೊಸದನ್ನು ಪಡೆದೆವು. ಅದರಲ್ಲಿ ಅಟ್ಟಕ್ಕೆ ಶಾಖನಿರೋಧಕ ಹಾಕಿಸಬೇಕೆಂಬ ಶಿಫಾರಸು ಇದ್ದರೂ, ಅದನ್ನು ಮೊದಲು ಪೂರೈಸಬೇಕೆಂಬ ಷರತ್ತನ್ನು 2024ರ ಮೇ ತಿಂಗಳಲ್ಲಿ ಕೈಬಿಟ್ಟಿದ್ದರಿಂದ ಅಡ್ಡಿಯಾಗಲಿಲ್ಲ (ಆದರೂ ಹಾಕಿಸಿದೆವು, ಹೀಟ್ ಪಂಪಿನ ನೀರು ಬಾಯ್ಲರ್ ನೀರಿನಷ್ಟು ಬಿಸಿಯಿರದ ಕಾರಣ, ಶಾಖ ಸೋರುವ ಮನೆ ಬೆಚ್ಚಗಾಗುವುದು ಕಷ್ಟ). ಆಫ್‌ಜೆಮ್‌ನಿಂದ ಬಂದ ಇಮೇಲಿಗೆ ನಾವು ಒಪ್ಪಿಗೆ ನೀಡಿದ ಬಳಿಕ, ಕಂಪನಿಯವರು ಅನುದಾನದ ಮೊತ್ತವನ್ನು ತಮ್ಮ ಬಿಲ್ಲಿನಲ್ಲೇ ಕಳೆದರು.