ಪ್ಲೇಟಿನಲ್ಲಿ ಹಾಡಿದವರು ಯಾರು? ಕಂಪನಿ ನಾಟಕದ ಮರೆತ ಕಲಾವಿದರನ್ನು ಗುರುತಿಸುವ ನನ್ನ ಕ್ರಮ

ಹಳೆಯ ನಾಟಕದ ಹಾಡಿನ ಗ್ರಾಮಫೋನ್ ಪ್ಲೇಟು ಕೈಗೆ ಬಂದರೆ ಅದರ ಲೇಬಲ್ಲಿನ ಹೆಸರನ್ನು ನಾನು ಕೂಡಲೇ ಒಪ್ಪಿಕೊಳ್ಳುವುದಿಲ್ಲ. ಹಾಡಿದವರು ಗದಗಿನವರೋ ಮೈಸೂರಿನವರೋ ಆಗಿರುತ್ತಾರೆ. ಗ್ರಾಮಫೋನ್ ಕಂಪನಿಯ ಪ್ಲೇಟುಗಳು ಮಾತ್ರ ಮೊದಲು ಜರ್ಮನಿಯ ಹ್ಯಾನೋವರಿನಲ್ಲಿ, 1908ರಿಂದ ಕಲ್ಕತ್ತೆಯಲ್ಲಿ ತಯಾರಾಗುತ್ತಿದ್ದವು. ಇಂಗ್ಲಿಷಿನಲ್ಲಿ ಬರೆದ ಹೆಸರಿನಲ್ಲಿ ಟ-ತ, ಲ-ಳ ಒಂದೇ ಆಗಿಬಿಡುತ್ತವೆ. ಭಾಷೆಯ ಜಾಗದಲ್ಲಿ ‘ಕೆನರೀಸ್’ ಎಂದಿರುತ್ತದೆ. ಹಳೆಯ ಕ್ಯಾಟಲಾಗುಗಳಲ್ಲಿ ‘ಕನ್ನಡ’ ಎಂದು ಹುಡುಕಿ ಏನೂ ಸಿಗಲಿಲ್ಲ ಎನ್ನುವವರು ಈ ಪದ ಇಟ್ಟುಕೊಂಡು ಮತ್ತೊಮ್ಮೆ ನೋಡಬೇಕು.

ಹಿಂದೂಸ್ತಾನಿ ಗಾಯಕಿ ಗೋಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಕೊಟ್ಟಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಪರದೇಶದ ಕಾರ್ಖಾನೆಯಲ್ಲಿ ಲೇಬಲ್ಲು ತಪ್ಪದಿರಲಿ ಎಂಬ ಏರ್ಪಾಡು ಅದು. ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಅವರನ್ನು ಇವತ್ತಿಗೂ ತಪ್ಪಿಲ್ಲದೆ ಗುರುತಿಸುತ್ತೇವೆ. ಹಾಗೆ ಹೆಸರು ಹೇಳಿ ಹೋಗದವರ ವಿಷಯದಲ್ಲಿ ಮೂರು ಸಾಕ್ಷಿಗಳನ್ನು ಕೂಡಿಸಬೇಕಾಗುತ್ತದೆ: ಪ್ಲೇಟು, ನಾಟಕದ ಹ್ಯಾಂಡ್‌ಬಿಲ್ಲು, ಹಾಡಿನ ಪುಸ್ತಕ. ಒಂದಕ್ಕೊಂದು ಸಂಬಂಧವಿಲ್ಲದ ಎರಡಾದರೂ ಒಂದೇ ಹೆಸರು ಹೇಳುವವರೆಗೆ ನಾನು ಹೆಸರನ್ನು ಬರೆಯುವುದಿಲ್ಲ.

ಮೊದಲು ಪ್ಲೇಟು ತೊಳೆಯುವ ಮಾತು. ಇದು ಅರಗಿನ ಪ್ಲೇಟು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಲ್‌ಪಿ (ಆಮೇಲೆ ಬಂದ ಪ್ಲಾಸ್ಟಿಕ್ ಪ್ಲೇಟು) ಒರೆಸುವ ದ್ರಾವಣಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಬೆರೆತಿರುತ್ತದೆ, ಅದನ್ನು ಹಾಕಿದರೆ ಹಾಡು ಕೊರೆದ ಗೀರಿನ ಗೋಡೆಯೇ ಕರಗಿ ಹೋಗುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ ಸಾಕು. ಲೇಬಲ್ಲಿನ ಮೇಲೆ ಅದೇ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಒತ್ತಿಹಿಡಿದು, ಮೆತ್ತನೆ ಬ್ರಷ್ಷನ್ನು ಗೀರು ಸುತ್ತಿದ ದಿಕ್ಕಿನಲ್ಲೇ ಆಡಿಸಬೇಕು, ಅಡ್ಡಡ್ಡ ಉಜ್ಜಬಾರದು. ಬರೀ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸುತ್ತೇನೆ. ಬಿಸಿನೀರಿಗೂ ಬಿಸಿಲಿಗೂ ಪ್ಲೇಟು ಸೊಟ್ಟಗಾಗುತ್ತದೆ. ಬಿರುಕು ಬಿಟ್ಟ ಕೊಲಂಬಿಯಾ ಪ್ಲೇಟಾದರೆ ನೀರು ತಾಗಿಸಲೇಬೇಡಿ. ಅವುಗಳಲ್ಲಿ ಹಲವಕ್ಕೆ ಒಳಗೆ ಕಾಗದದ ಪದರವಿದ್ದು, ಬಿರುಕಿನಿಂದ ನೀರು ಇಳಿದರೆ ಅದು ಉಬ್ಬಿ ಮೇಲ್ಮೈ ಏಳುತ್ತದೆ.

ಹಳೆಯ ಕೀಲಿ ಗ್ರಾಮಫೋನಿನಲ್ಲಿ ಹಚ್ಚಿ ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ಪಿನ್ನು ಕೂರಿಸುವ ಅದರ ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಂ ದಾಟುತ್ತದೆ, ಉಕ್ಕಿನ ಪಿನ್ನು ಒಂದು ಬದಿ ಮುಗಿಯುವಷ್ಟರಲ್ಲಿ ಸವೆದು ಗೀರನ್ನೂ ಸವೆಸುತ್ತದೆ. ನಾನು ಬಳಸುವುದು ಎಲೆಕ್ಟ್ರಿಕ್ ಟರ್ನ್‌ಟೇಬಲ್, 3 ಮಿಲ್ ಸ್ಟೈಲಸ್ ಅಂದರೆ ಮುಳ್ಳು (ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು), 4 ಗ್ರಾಂ ಭಾರ. ಎಲ್‌ಪಿಯ 0.7 ಮಿಲ್ ಸ್ಟೈಲಸ್ ಗೀರಿನ ತಳಕ್ಕೆ ಇಳಿದು ಕೊಳೆಯ ಕರಕರವನ್ನಷ್ಟೇ ಕೇಳಿಸುತ್ತದೆ. ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿದರೆ ಗದ್ದಲ ಎಷ್ಟೋ ಇಳಿಯುತ್ತದೆ. ಕಂಪ್ಯೂಟರಿಗೆ 96 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಏರಿಸುತ್ತೇನೆ. ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಒಂದು ಬದಿಗೆ ಮೋನೋದಲ್ಲಿ ಸುಮಾರು 58 ಎಂಬಿ ಬೇಕು. ಆ ಮೂಲ ಫೈಲಿನಲ್ಲಿ ಗದ್ದಲ ತೆಗೆಯುವ ಕೆಲಸ ಮಾಡುವುದಿಲ್ಲ. ಏನಿದ್ದರೂ ಪ್ರತಿಯಲ್ಲಿ.

ಗುರುತು ಹಿಡಿಯುವಲ್ಲಿ ಅತಿ ಹೆಚ್ಚು ತಪ್ಪಾಗುವುದು ವೇಗದ ವಿಷಯದಲ್ಲಿ. ‘78’ ಎನ್ನುತ್ತೇವಾದರೂ ಹಳೆಯ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿಗೇ ಕೊರೆದವಲ್ಲ. 73.6 ಸುತ್ತಿಗೆ ಕೊರೆದದ್ದನ್ನು 78ಕ್ಕೆ ತಿರುಗಿಸಿದರೆ ಶ್ರುತಿ ಸರಿಯಾಗಿ ಅರ್ಧ ಸ್ವರ ಏರುತ್ತದೆ. ಬೇರೆ ಸಂಗೀತಕ್ಕೆ ಅದು ದೊಡ್ಡದಲ್ಲದಿರಬಹುದು. ಕಂಪನಿ ನಾಟಕಕ್ಕೆ ದೊಡ್ಡದು, ಯಾಕೆಂದರೆ ಅಲ್ಲಿ ಗಂಡಸರು ಸ್ತ್ರೀಪಾತ್ರ ಮಾಡುತ್ತಿದ್ದರು. ಎತ್ತರದ ಶ್ರುತಿಗೆ ಹಾಡುವ ಸ್ತ್ರೀಪಾತ್ರಧಾರಿಯ ಕಂಠ ಅರ್ಧ ಸ್ವರ ಏರಿದರೆ ಹೆಂಗಸಿನದೇ ಎನಿಸುತ್ತದೆ. ವೇಗ ಕಡಿಮೆಯಾದರೆ ನಟಿಯ ಕಂಠ ಗಂಡಸಿನದಾಗುತ್ತದೆ. ಬೀಳಗಿಯ ಗೋಹರಬಾಯಿ ಕರ್ನಾಟಕಿ ಮರಾಠಿ ರಂಗನಟ ಬಾಲಗಂಧರ್ವರ ಹಾಡುವ ಶೈಲಿಯನ್ನೇ ಮೈಗೂಡಿಸಿಕೊಂಡು ಹಾಡಿದವರು. ಸ್ತ್ರೀಪಾತ್ರಕ್ಕೇ ಹೆಸರಾದ ಗಂಡಸು ಒಬ್ಬರು, ಅವರ ಧಾಟಿಯ ಹೆಂಗಸು ಇನ್ನೊಬ್ಬರು. ಲೇಬಲ್ಲು ಹರಿದ ಪ್ಲೇಟೊಂದರಲ್ಲಿ ಇಂಥ ಎರಡು ಕಂಠಗಳ ನಡುವೆ ತೀರ್ಮಾನಿಸಬೇಕಾದರೆ ವೇಗ ಸರಿಯಿರಲೇಬೇಕು.

ವೇಗಕ್ಕೆ ನಾನು ಹಿಡಿಯುವ ಅಳತೆ ಹಾರ್ಮೋನಿಯಂ. ಹಾಡಿನ ಷಡ್ಜ ಅದರ ನಾಲ್ಕನೆಯ ಕಪ್ಪು ಮನೆಗೋ ಐದನೆಯ ಕಪ್ಪು ಮನೆಗೋ ಸರಿಯಾಗಿ ಕೂಡಬೇಕು, ಎರಡು ಮನೆಗಳ ಸಂದಿಯಲ್ಲಿ ನಿಂತರೆ ವೇಗ ತಪ್ಪಿದೆ ಎಂದೇ ಲೆಕ್ಕ. ಆದರೆ ಆ ಕಾಲದ ಹಾರ್ಮೋನಿಯಂಗಳ ಶ್ರುತಿಯೇ ಇವತ್ತಿನದಕ್ಕಿಂತ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತಿತ್ತು, ಹಾಗಾಗಿ ಇದೊಂದೇ ಸಾಲದು. ತಾನಿನ ಓಟ, ಉಸಿರು ಎಳೆದುಕೊಳ್ಳುವ ಸದ್ದು, ‘ಸ’ಕಾರದ ಹರಿತ ಇವನ್ನು ಕೇಳಿ ತೀರ್ಮಾನಿಸಬೇಕು. ವೇಗ ಹೆಚ್ಚಾಗಿದ್ದರೆ ತಬಲಾ ಜೋಡಿಯ ಎಡಗೈ ವಾದ್ಯಕ್ಕೆ ಗುಂಯ್ ಎನ್ನುವ ತೂಕ ಇರುವುದಿಲ್ಲ.

ಲೇಬಲ್ಲಿನ ಆಚೆ, ಗೀರು ಮುಗಿಯುವ ನುಣುಪು ಜಾಗದಲ್ಲಿ ಒತ್ತಿದ ಅಂಕಿಯಿರುತ್ತದೆ, ಅದು ಮ್ಯಾಟ್ರಿಕ್ಸ್ ನಂಬರು. ಟಾರ್ಚನ್ನು ಪ್ಲೇಟಿನ ಮಟ್ಟಕ್ಕೇ ಅಡ್ಡ ಹಿಡಿದು ಫೋಟೋ ತೆಗೆದರೆ ಸವೆದ ಅಂಕಿಯೂ ಕಾಣುತ್ತದೆ. ಕ್ಯಾಟಲಾಗ್ ನಂಬರು ಮಾರಾಟದ್ದು, ಮರುಮುದ್ರಣದಲ್ಲಿ ಬದಲಾಗಬಹುದು. ಮ್ಯಾಟ್ರಿಕ್ಸ್ ನಂಬರು ಹಾಡಿದ ದಿನದ್ದು. ಪಕ್ಕಪಕ್ಕದ ನಂಬರುಗಳು ಸಾಮಾನ್ಯವಾಗಿ ಒಂದೇ ಸಲದ ಧ್ವನಿಮುದ್ರಣದವಾಗಿರುತ್ತವೆ. ‘ನಾಟಕ ಪಾರ್ಟಿ’ ಎಂದಷ್ಟೇ ಇರುವ ಪ್ಲೇಟಿನ ಹಿಂದುಮುಂದಿನ ನಂಬರಿನಲ್ಲಿ ಯಾರದಾದರೂ ಹೆಸರು ಸಿಕ್ಕರೆ ನಾಟಕ ಕಂಪನಿ ಯಾವುದೆಂದು ಗೊತ್ತಾಗುತ್ತದೆ.

ಇನ್ನು ಹ್ಯಾಂಡ್‌ಬಿಲ್ಲು. ‘ಮುಕ್ಕಾಂ ದಾವಣಗೆರೆ, ತಾ. 3 ಶನಿವಾರ’ ಎಂದಿರುತ್ತದೆ, ಇಸವಿ ಇರುವುದಿಲ್ಲ. ಮೊದಲು ದರ ನೋಡಿ: 1-8-0 ಎಂದು ರೂಪಾಯಿ-ಆಣೆ-ಪೈ ಇದ್ದರೆ 1957ರ ಏಪ್ರಿಲಿಗಿಂತ ಹಿಂದಿನದು ಎನ್ನಬಹುದು, ನಯಾ ಪೈಸೆ ಇದ್ದರೆ ಖಂಡಿತ ಆಮೇಲಿನದು. ಆಮೇಲೆ ವಾರ-ತಾರೀಕು. ತಿಂಗಳು ಮಾರ್ಚ್ ಎಂದಿಟ್ಟುಕೊಂಡರೆ, 1920ರಿಂದ 1950ರೊಳಗೆ ಮಾರ್ಚ್ 3 ಶನಿವಾರ ಬಿದ್ದದ್ದು 1923, 1928, 1934, 1945ರಲ್ಲಿ. ಇವುಗಳಲ್ಲಿ ಯಾವುದೆಂದು ಸಂವತ್ಸರ ಹೇಳುತ್ತದೆ. ದುಂದುಭಿಯಾದರೆ 1923, ಪ್ರಭವವಾದರೆ 1928, ಶ್ರೀಮುಖವಾದರೆ 1934, ತಾರಣವಾದರೆ 1945. ಎಡವುವುದು ಯುಗಾದಿಯಲ್ಲಿ. 1934 ಎಂದರೆ ಭಾವ ಸಂವತ್ಸರ ಎಂದು ಪಟ್ಟಿಯಲ್ಲಿ ನೋಡಿ ಬರೆದುಬಿಡುತ್ತಾರೆ. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ ಮಧ್ಯದಲ್ಲಿ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡ 1934ರ ಮಾರ್ಚ್ 3 ಇನ್ನೂ ಶ್ರೀಮುಖದ ಫಾಲ್ಗುಣವೇ. ಬಾದಾಮಿಯ ಬನಶಂಕರಿ ಜಾತ್ರೆಯ ಹ್ಯಾಂಡ್‌ಬಿಲ್ಲಾದರೆ ಇನ್ನೂ ಸುಲಭ: ಬನದ ಹುಣ್ಣಿಮೆಯ (ಪುಷ್ಯ ಮಾಸದ ಹುಣ್ಣಿಮೆ) ಆಸುಪಾಸು ಎಂದು ತಿಂಗಳು ತಾನೇ ಗೊತ್ತಾಗುತ್ತದೆ.

‘ಸತಿ ಸುಲೋಚನಾ’ ಚಿತ್ರದ ಪ್ರತಿ ಇವತ್ತು ಉಳಿದಿಲ್ಲ. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಮುಂದೆಯೂ ಹೆಸರು ಮಾಡಿದ್ದರಿಂದ ನೆನಪಿನಲ್ಲಿದ್ದಾರೆ. ಸುಲೋಚನೆಯಾದ ತ್ರಿಪುರಾಂಬಾ, ಮಂಡೋದರಿಯಾದ ಲಕ್ಷ್ಮೀಬಾಯಿ ಇವರನ್ನು ಕೇಳುವವರಿಲ್ಲ. ಇಂಥವರಿಗೆ ಥಿಯೇಟರಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದ ಪಾತ್ರವರ್ಗವೇ ದೊಡ್ಡ ಆಧಾರ. ಆದರೆ ಆ ಕಾಲದಲ್ಲಿ ನಟರು ಕ್ಯಾಮೆರಾ ಎದುರಿಗೇ ಹಾಡುತ್ತಿದ್ದರು, ಪ್ಲೇಟಿಗೆ ಬೇರೆಯಾಗಿ ಮುದ್ರಿಸುತ್ತಿದ್ದರು. ಚಿತ್ರದ ಹೆಸರು ಲೇಬಲ್ಲಿನಲ್ಲಿದೆ ಎಂದಮಾತ್ರಕ್ಕೆ ಕಂಠ ಆ ನಟಿಯದೇ ಎಂದು ಬರೆಯಬಾರದು.

ಹೆಸರಿನ ಹಿಂದುಮುಂದಿನ ಪದಗಳಲ್ಲೂ ಎಚ್ಚರ ಬೇಕು. ‘ಮಾಸ್ಟರ್’ ಎಂದರೆ ‘ಭಕ್ತ ಧ್ರುವ’ ಚಿತ್ರದ ಮಾಸ್ಟರ್ ಮುತ್ತುವಿನಂತೆ ಬಾಲನಟ. ಅದೇ ಧಾರವಾಡದ ಕಡೆ ವಾಮನರಾವ್ ಮಾಸ್ತರರಂಥ ಹಿರಿಯ ನಟರ ಹೆಸರಿಗೂ ಅಂಟಿಕೊಂಡ ಮರ್ಯಾದೆಯ ಮಾತು. ‘ಕರ್ನಾಟಕಿ’ ಮನೆತನದ ಹೆಸರಲ್ಲ, ಮರಾಠಿ-ಹಿಂದಿ ಜಗತ್ತಿನಲ್ಲಿ ಕನ್ನಡ ನಾಡಿನವರೆಂದು ಬಿದ್ದ ಗುರುತು. ಬರೀ ‘ಸುಂದರಮ್ಮ’ ಎಂದಿದ್ದರೆ ಹೆಸರಾಂತ ರಂಗನಟಿ ಮಳವಳ್ಳಿ ಸುಂದರಮ್ಮನವರೇ ಎಂದು ಹಾರಿಬೀಳಬೇಡಿ.

ಕಂಪನಿಯಲ್ಲಿದ್ದ ಹಿರಿಯರಿಗೆ ಕೇಳಿಸುವಾಗ ಹೆಸರು ಬಾಯಿಬಿಡದೆ, ಸಂಬಂಧವೇ ಇಲ್ಲದ ಒಂದು ಕಂಠವನ್ನೂ ಸೇರಿಸಿ ಮೂರು ತುಣುಕು ಕೇಳಿಸುತ್ತೇನೆ. ‘ಇವರು ಇಂಥವರೇನ್ರೀ?’ ಎಂದು ಕೇಳಿದರೆ ‘ಹೌದ್ರೀ’ ಎಂದೇ ಉತ್ತರ ಬರುತ್ತದೆ. ಪ್ಲೇಟಿನ ಕವರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯುವುದು ನಾಲ್ಕು: ಮ್ಯಾಟ್ರಿಕ್ಸ್ ನಂಬರು, ತಿರುಗಿಸಿದ ವೇಗ, ಲೇಬಲ್ಲಿನಲ್ಲಿ ಇದ್ದ ಹಾಗೆಯೇ ಹೆಸರು, ಗುರುತಿಸಿದ ಹೆಸರು ಮತ್ತು ಅದರ ಆಧಾರ. ನಾಲ್ಕನೆಯದಕ್ಕೆ ಒಂದೇ ಸಾಕ್ಷಿ ಇದ್ದರೆ ಆ ಸಾಲು ಖಾಲಿಯೇ ಇರುತ್ತದೆ.