ಹತ್ತು ಮೀಟರಿನ ಕೋವಿಗೆ ಈಡು ಹುಡುಕಿದ್ದು

ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಬಂತೆಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜ ಬೇಟೆಯ ಮಾತು ಬಿಟ್ಟಿದ್ದರು. ನಾನು ನೋಡುವ ಹೊತ್ತಿಗೆ ಕೋವಿಯ ಕೆಲಸ ಮಂಗನ ಹಿಂಡಿಗೆ ಸದ್ದು ಕೇಳಿಸುವುದು ಮಾತ್ರ.

ಆದರೂ ಈಡು ಕಟ್ಟುವುದರಲ್ಲಿ ಅಜ್ಜ ಮಹಾ ಶಿಸ್ತಿನವರು. ನಳಿಗೆಯ ಬಾಯಿಂದ ಮೊದಲು ಮದ್ದು, ಮೇಲೆ ತೆಂಗಿನ ನಾರು, ಗಜ ಹಾಕಿ ಜಡಿಯುವುದು, ಆಮೇಲೆ ಚರೆ ಎಂಬ ಸಣ್ಣ ಸೀಸದ ಗುಂಡು, ಮತ್ತೆ ನಾರು. ಮದ್ದಿಗೆ ಬಿದಿರಿನ ಗೆಣ್ಣಿನಲ್ಲಿ ಮಾಡಿದ ಒಂದು ಅಳತೆ. ಹೊಸ ಮದ್ದು ತಂದಾಗ ಇಪ್ಪತ್ತೈದು ಹೆಜ್ಜೆ ದೂರದ ಹಲಸಿನ ಮರಕ್ಕೆ ಅಡಿಕೆ ಹಾಳೆ ಕಟ್ಟಿ ಹೊಡೆದು, ಹಾಳೆಯಲ್ಲಿ ಎಷ್ಟು ತೂತು ಬಿದ್ದಿದೆ ಎಂದು ನನ್ನಿಂದ ಎಣಿಸುತ್ತಿದ್ದರು. ಮದ್ದು ಸ್ವಲ್ಪ ಕಮ್ಮಿ ಮಾಡಿ ಇನ್ನೊಂದು ಹಾಳೆ. ನಾರು, ಚರೆ ಹಾಗೇ ಇರಬೇಕು. "ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಹ್ಯಾಗೆ ಹೇಳ್ತೀಯ ಮಾಣಿ?" ಎನ್ನುವರು.

ಇದೆಲ್ಲ ಮರೆತೇ ಹೋಗಿತ್ತು. ನಾನು ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದ ಕೆಲಸ, ಮೈಕ್ರೋಮೀಟರ್ ಹಿಡಿದುಕೊಂಡೇ ಜೀವನ. ಮಗಳು ಎಂಟನೇ ಕ್ಲಾಸಿನಿಂದ ಬಾಲೇವಾಡಿಯಲ್ಲಿ ಹತ್ತು ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆದ ಸಂಕುಲವೇ ಅದು. ಕೊಲ್ಹಾಪುರದ ಕಡೆಯ ರೈಫಲ್ ಶೂಟರ್ ಸ್ವಪ್ನಿಲ್ ಕುಸಾಳೆ 2024ರ ಒಲಿಂಪಿಕ್ಸಿನಲ್ಲಿ ಪ್ಯಾರಿಸ್‌ನಿಂದ ಕಂಚು ತಂದ ಮೇಲೆ ಇಲ್ಲಿ ಮಕ್ಕಳ ಸಾಲು ಇನ್ನೂ ಉದ್ದವಾಗಿದೆ.

ಕಳೆದ ವರ್ಷ ಅವಳ ಸ್ಕೋರು 618ಕ್ಕೆ ಬಂದು ಕೂತುಬಿಟ್ಟಿತು. ಅರವತ್ತು ಹೊಡೆತ, ಒಂದೊಂದಕ್ಕೆ ಹೆಚ್ಚೆಂದರೆ 10.9, ಒಟ್ಟು 654. ದೊಡ್ಡ ಕೂಟಗಳಲ್ಲಿ ಫೈನಲ್ ಮುಟ್ಟಲು 630ರ ಆಸುಪಾಸು ಬೇಕು. "ಪಪ್ಪಾ, ಹತ್ತೂವರೆ ಅಂತ ಅಂದ್ಕೊಂಡು ಬಿಟ್ಟಿದ್ದು 9.6 ತೋರಿಸ್ತಿದೆ" ಎಂದು ದಿನಾ ಗೊಣಗು. ಕೋಚ್ ಸರ್ ರೈಫಲ್ ತಿರುಗಿಸಿ ನೋಡಿ, "ಪೆಲೆಟ್ ಟೆಸ್ಟ್ ಕರೂನ್ ಬಘಾ", ಪೆಲೆಟ್ ಟೆಸ್ಟ್ ಮಾಡಿ ನೋಡಿ ಅಂದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಈ ರೈಫಲ್‌ನಲ್ಲಿ ಮದ್ದಿಲ್ಲ. ಸಿಲಿಂಡರ್‌ನಲ್ಲಿ 200 ಬಾರ್‌ವರೆಗೆ ಒತ್ತಿ ತುಂಬಿದ ಗಾಳಿ, ಒಳಗೊಂದು ರೆಗ್ಯುಲೇಟರ್. ಪ್ರತಿ ಹೊಡೆತಕ್ಕೂ ಅದು ಅಷ್ಟೇ ಒತ್ತಡ ಬಿಡುತ್ತದೆ. ಅಂದರೆ ಅಜ್ಜನ ಬಿದಿರಿನ ಅಳತೆಯನ್ನು ಕಂಪನಿಯವರೇ ಒಳಗೆ ಕೂರಿಸಿಟ್ಟಿದ್ದಾರೆ. ನಮ್ಮ ಕೈಯಲ್ಲಿ ಉಳಿದಿರುವುದು ಪೆಲೆಟ್ ಒಂದೇ. ಸೀಸದ್ದು, 4.5 ಮಿಮೀ, ಸುಮಾರು 0.53 ಗ್ರಾಂ. ತಲೆ ಚಪ್ಪಟೆ, ನಡು ಸಣ್ಣ, ಹಿಂದೆ ಲಂಗದ ಹಾಗೆ ಅರಳಿದ ಅಂಚು. ತಲೆ ಚಪ್ಪಟೆ ಇರುವುದು ಕಾಗದದಲ್ಲಿ ಪಂಚಿಂಗ್ ಮಷೀನ್ ಹೊಡೆದ ಹಾಗೆ ಗುಂಡಗಿನ ತೂತು ಬೀಳಲಿ ಎಂದು. ಡಬ್ಬಿಯ ಮೇಲೆ ತಲೆಯ ಅಳತೆ ಬರೆದಿರುತ್ತದೆ: 4.49, 4.50, 4.51. ಜೊತೆಗೆ ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು. ಈ ಲಾಟ್ ನಂಬರ್ ಅನ್ನು ನಾನು ಮೊದಲಿಗೆ ಕಣ್ಣೆತ್ತಿಯೂ ನೋಡಲಿಲ್ಲ. ಕ್ವಾಲಿಟಿಯವನಾಗಿ! ನಾಚಿಕೆ ಆಗುತ್ತದೆ.

ಎರಡು ಜರ್ಮನ್ ಕಂಪನಿಗಳ ನಾಲ್ಕು ಥರದ ಡಬ್ಬಿ ತಂದೆ. ಹೆಸರು ನೋಡಿ ಮನಸ್ಸು ವಾಲಬಾರದು ಎಂದು ಕೆಂಪು, ಹಳದಿ, ಹಸಿರು, ನೀಲಿ ಸ್ಟಿಕ್ಕರ್ ಅಂಟಿಸಿದೆ.

ಮೊದಲ ಮೂರು ಸಂಜೆ ತೂಕ ಮಾಡುವುದರಲ್ಲಿ ಹೋಯಿತು. ಚಿನ್ನದ ಅಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ತಕ್ಕಡಿ ತಂದು, ಚಿಮುಟಿಗೆಯಲ್ಲಿ ಒಂದೊಂದೇ ಎತ್ತಿ ಇನ್ನೂರು ಪೆಲೆಟ್ ತೂಗಿದೆ. 0.528ರಿಂದ 0.536 ಗ್ರಾಂ. ಭಾರದ್ದು ಬೇರೆ, ಹಗುರದ್ದು ಬೇರೆ ಮಾಡಿ ಹೊಡೆದು ನೋಡಿದೆ. ಹತ್ತು ಮೀಟರಿಗೆ ಏನೇನೂ ವ್ಯತ್ಯಾಸ ಕಾಣಲಿಲ್ಲ. ತಲೆಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಲು ಹೋದದ್ದು ಇನ್ನೂ ದಡ್ಡ ಕೆಲಸ. ಸೀಸ ಮೆತ್ತಗೆ. ನಾನು ಅಳೆದರೆ 4.49, ಮಗಳು ಅದನ್ನೇ ಅಳೆದರೆ 4.47. ಅಳೆಯುವಾಗಲೇ ಹಿಸುಕಿ ಕೆಡಿಸುತ್ತಿದ್ದೆವು. ಕಾರ್ಖಾನೆಯಲ್ಲಿ ಹುಡುಗರಿಗೆ ಈ ಪಾಠವನ್ನು ವರ್ಷಕ್ಕೆ ಎರಡು ಸಲ ಹೇಳುತ್ತೇನೆ.

ಹಾಗಾಗಿ ಕಾಗದವನ್ನೇ ಕೇಳಬೇಕಾಯಿತು. ನಮ್ಮ ಚಿಂಚವಾಡದ ಫ್ಲ್ಯಾಟಿನಲ್ಲಿ ಬಾಲ್ಕನಿಯ ಮೂಲೆಯಿಂದ ಹಾಲ್, ಪ್ಯಾಸೇಜ್ ದಾಟಿ ಬೆಡ್‌ರೂಮಿನ ಗೋಡೆಯವರೆಗೆ ಟೇಪ್ ಹಿಡಿದರೆ ಹನ್ನೊಂದು ಮೀಟರ್ ಚಿಲ್ಲರೆ. ರೈಫಲ್ ಬಾಲ್ಕನಿಯ ಕಡೆ, ಮುಖ ಮನೆಯ ಒಳಗೆ. ಗೋಡೆಗೆ ಉಕ್ಕಿನ ಪೆಲೆಟ್ ಟ್ರ್ಯಾಪ್, ಅದರ ಹಿಂದೆ ದಪ್ಪ ಪ್ಲೈವುಡ್. ಪ್ಯಾಸೇಜಿಗೆ ತೆರೆಯುವ ಅಡುಗೆಮನೆ, ಬಚ್ಚಲಮನೆ ಎರಡಕ್ಕೂ ಹೊರಗಿನಿಂದ ಚಿಲಕ. ಚಿಲಕ ಹಾಕುವ ಮುಂಚೆ ಒಳಗೆ ಯಾರೂ ಇಲ್ಲ ಎಂದು ಕೂಗಿ ಕೇಳುವುದು. 4.5 ಮಿಮೀ ಅಳತೆಯ, ಇಷ್ಟು ಕಡಿಮೆ ಶಕ್ತಿಯ ಗಾಳಿ ಬಂದೂಕಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ, ಇದರದ್ದು ಹೆಚ್ಚೆಂದರೆ ಏಳೂವರೆ ಜೂಲ್. ಹಾಗಂತ ಅದು ಆಟಿಕೆಯಲ್ಲ, ಕಣ್ಣು ಹೋಗುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ ಎಂಬುದು ಹೆಂಡತಿ ಮಾಡಿದ ಕಾನೂನು. ಸರಿಯಾದ್ದೇ.

ಮಗಳು ಹೊಡೆದರೆ ಅವಳ ಕೈಯ ತಪ್ಪೂ ಸೇರುತ್ತದೆ. ಹಾಗಾಗಿ ರೈಫಲ್ ಅನ್ನು ಕ್ಲ್ಯಾಂಪ್‌ನಲ್ಲಿ ಕೂರಿಸಬೇಕು. ಕಾರ್ಖಾನೆಯ ಹಳೇ ಬೆಂಚ್ ವೈಸ್ ತಂದು ಡೈನಿಂಗ್ ಟೇಬಲಿಗೆ ಬಿಗಿದು, ರಬ್ಬರ್ ಸುತ್ತಿ ಬ್ಯಾರೆಲ್ ಅನ್ನು ಕಚ್ಚಿಸಿದೆ. ಹತ್ತು ಹೊಡೆದೆ. ತೂತುಗಳು ಒಂದೆಡೆ ಸೇರುವ ಬದಲು ಎಡಕ್ಕೆ ಇರುವೆ ಸಾಲಿನ ಹಾಗೆ ನಡೆದುಕೊಂಡು ಹೋಗಿದ್ದವು. ಇನ್ನೂ ಬಿಗಿ ಮಾಡಿದೆ. ಇರುವೆ ಸಾಲು ಮೇಲಕ್ಕೆ ತಿರುಗಿತು. ನಾಲ್ಕೂ ಬಣ್ಣದ ಕಥೆ ಇದೇ. ಎರಡು ವಾರ ರೈಫಲನ್ನೇ ಬೈದೆ.

ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದ ಕೊಡಗಿನವರೊಬ್ಬರಿದ್ದಾರೆ. ಸೇನೆಯಿಂದ ಸುಬೇದಾರರಾಗಿ ನಿವೃತ್ತರಾಗಿ ಪುಣೆಯಲ್ಲೇ ಉಳಿದವರು. ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬ ಬಂತೆಂದರೆ ಊರಿಗೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆದು ಬರುತ್ತಾರೆ. ಒಂದು ಭಾನುವಾರ ಕಾಫಿಗೆ ಬಂದವರು ನನ್ನ ಏರ್ಪಾಟು ನೋಡಿ ಲೋಟ ಕೆಳಗಿಟ್ಟರು.

"ಎಂತ ಮಾರಾಯ್ರೇ, ಕೋವಿಯ ಕುತ್ತಿಗೆ ಹಿಸುಕಿ ಹಿಡಿದು ಹಾಡು ಅಂದ್ರೆ ಹಾಡ್ತದಾ?"

ಅಷ್ಟೇ. ಬ್ಯಾರೆಲ್ ಹಿಂದಿನ ತುದಿಯಲ್ಲಿ ಮಾತ್ರ ಬಿಗಿದುಕೊಂಡು, ಮುಂದೆ ಬಿಡಿಯಾಗಿ ನಿಂತಿರುವ ಕೊಳವೆ. ಮುಂದೆ ಕಚ್ಚಿದರೆ ಕೂದಲೆಳೆಯಷ್ಟು ಬಾಗುತ್ತದೆ, ರಬ್ಬರ್ ಕುಗ್ಗಿದ ಹಾಗೆ ಬಾಗು ಬದಲಾಗುತ್ತಲೂ ಇರುತ್ತದೆ. ಸ್ಟಾಕ್‌ನ, ಅಂದರೆ ಕೋವಿಯ ಹಿಡಿಕೆಯ ಭಾಗದ, ಕೆಳಗೆ ಒಂದು ಲೋಹದ ಹಳಿ ಇದೆ. ಅದನ್ನು ಹಿಡಿಯುವ ಹಾಗೆ ಅಲ್ಯೂಮಿನಿಯಂ ದವಡೆ ಮಾಡಿ, ಇಪ್ಪತ್ತು ಮಿಮೀ ಉಕ್ಕಿನ ತಟ್ಟೆಗೆ ಬೋಲ್ಟ್ ಹಾಕಿದೆ. ಡೈನಿಂಗ್ ಟೇಬಲಿಗೂ ರಜೆ. ಹೆಂಡತಿ ಚಟ್ನಿಗೆ ಮಿಕ್ಸರ್ ಹಾಕಿದಾಗಲೆಲ್ಲ ಅದು ನಡುಗುತ್ತಿತ್ತು. ಸಿಮೆಂಟ್ ಬ್ಲಾಕ್ ಜೋಡಿಸಿ ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ತಟ್ಟೆ ಕೂರಿಸಿದೆ. ಇರುವೆ ಸಾಲು ಆ ದಿನವೇ ನಿಂತಿತು. ಕೆಳಗಿನ ಮನೆಯ ಆಜಿ ಮಾತ್ರ ಮೇಲೆ ಬಂದು "ರೋಜ್ ಕಾಯ್ ಠೋಕ್ತಾ ಹೋ?", ದಿನಾ ಏನು ಬಡೀತೀರಿ ಎಂದು ಕೇಳಿದರು. ತೋರಿಸಿದೆ. ಆಮೇಲೆ ಮೊಮ್ಮಗನನ್ನೂ ಕರೆದುಕೊಂಡು ಬಂದು ನೋಡಿಸಿದರು.

ಇನ್ನು ದುಡ್ಡು ಕಳೆದುಕೊಂಡ ಕಥೆ. ಕೆಂಪು ಡಬ್ಬಿಯಿಂದ ಐದು ಹೊಡೆದೆ. ಐದೂ ಒಂದೇ ತೂತು! ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ 5 ಮಿಮೀ ಇಲ್ಲ. ಪೆಲೆಟ್ಟೇ 4.5 ಅಲ್ವಾ? ಮಗಳಿಗೆ ಫೋಟೋ ಕಳಿಸಿ, ಆ ಸಂಜೆಯೇ ಹೋಗಿ ಆರು ಡಬ್ಬಿ ಕೆಂಪು ತಂದೆ. ಮರುದಿನ ಹತ್ತು ಹೊಡೆದರೆ 7.3 ಮಿಮೀ. ಇನ್ನೊಂದು ಹತ್ತು, 6.8. ಆ ಐದು ಸುಮ್ನೆ ಅದೃಷ್ಟ. ಐದು ಹೊಡೆತದ ಗುಂಪು ಒಮ್ಮೆ ಚಿಕ್ಕದು, ಒಮ್ಮೆ ದೊಡ್ಡದು ಬಂದೇ ಬರುತ್ತದೆ. ಐದರ ಗುಂಪನ್ನು ಇನ್ನೊಂದರ ಹತ್ತರ ಗುಂಪಿನ ಜೊತೆ ಹೋಲಿಸಿದರಂತೂ ಮುಗಿಯಿತು. ಹೊಡೆತ ಜಾಸ್ತಿಯಾದಷ್ಟೂ ಗುಂಪು ಅಗಲವಾಗುವುದೇ ಅದರ ಗುಣ.

ಆಮೇಲೆ ಹೀಗೆ ಮಾಡಿದೆ. ಒಂದು ಬಣ್ಣಕ್ಕೆ ಹತ್ತು ಹೊಡೆತದ ಐದು ಗುಂಪು. ಒಂದೇ ಬಣ್ಣದ ಐದೂ ಒಟ್ಟಿಗಲ್ಲ, ಚೀಟಿ ಎತ್ತಿ ಬಂದ ಬಣ್ಣ. ಬಣ್ಣ ಬದಲಾದಾಗ ಹದಿನೈದು ಪೆಲೆಟ್ ಲೆಕ್ಕಕ್ಕಿಲ್ಲದೆ ಹೊಡೆಯುವುದು, ಬ್ಯಾರೆಲ್ ಒಳಗೆ ಹಳೆಯದರ ಸೀಸ ಹೋಗಿ ಹೊಸದರದ್ದು ಕೂರಲಿ ಎಂದು. ಮಧ್ಯೆ ಬ್ಯಾರೆಲ್ ತೊಳೆಯಲಿಲ್ಲ. ತೊಳೆದ ಮೇಲಿನ ಮೊದಲ ಕೆಲವು ಹೊಡೆತ ಎಲ್ಲೆಲ್ಲೋ ಹೋಗುವುದನ್ನು ಅಷ್ಟರಲ್ಲಿ ನೋಡಿದ್ದೆ. ಸಿಲಿಂಡರ್‌ನ ಒತ್ತಡ 100 ಬಾರ್‌ಗೆ ಇಳಿದರೆ ನಿಲ್ಲಿಸಿ ಗಾಳಿ ತುಂಬುವುದು. ಪ್ರತಿ ಹತ್ತಕ್ಕೂ ಹೊಸ ಕಾರ್ಡ್. ಮಾಮೂಲಿ ಜೆರಾಕ್ಸ್ ಕಾಗದ ಹರಿಯುತ್ತದೆ, ಅಂಚು ಸಿಗುವುದಿಲ್ಲ. ಟಾರ್ಗೆಟ್ ಕಾರ್ಡೇ ಬೇಕು. ಹೊರ ಅಂಚಿನ ಅಳತೆಯಲ್ಲಿ 4.5 ಕಳೆದರೆ ನಡುವಿನಿಂದ ನಡುವಿಗೆ ಎಷ್ಟು ಎಂದು ಸಿಗುತ್ತದೆ.

ಐದೈದರ ಸರಾಸರಿ ಹೀಗೆ ಬಂತು: ಕೆಂಪು 2.6 ಮಿಮೀ, ನೀಲಿ 2.4, ಹಸಿರು 2.1, ಹಳದಿ 1.5. ಕೆಂಪಿಗೂ ನೀಲಿಗೂ ಇರುವುದನ್ನು ನಾನು ವ್ಯತ್ಯಾಸ ಎನ್ನುವುದಿಲ್ಲ. ಹಳದಿ ಮಾತ್ರ ಬೇರೆಯೇ. ನಂಬಿಕೆ ಬರದೆ ಮುಂದಿನ ಭಾನುವಾರ ಹಳದಿ, ಹಸಿರು ಎರಡನ್ನೇ ಮತ್ತೆ ಪೂರ್ತಿ ಹೊಡೆದೆ. 1.6 ಮತ್ತು 2.2.

ಇದರಿಂದ ಎಷ್ಟು ಅಂಕ? ಈ ಟಾರ್ಗೆಟ್‌ನಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರಿನ ಚುಕ್ಕೆ. ಪೆಲೆಟ್‌ನ ನಡು 2.5 ಮಿಮೀ ಒಳಗೆ ಬಿದ್ದರೆ 10.0, ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿಮೀಗೆ ಒಂದು ದಶಾಂಶ. 618 ಎಂದರೆ ಸರಾಸರಿ 10.3. ಅಂದರೆ ಅವಳ ಹೊಡೆತ ನಡುವಿನಿಂದ ಸರಾಸರಿ ಒಂದೂವರೆ ಮಿಮೀಗೂ ಸ್ವಲ್ಪ ಆಚೆ. ಅದರಲ್ಲಿ ಬಹುಪಾಲು ಅವಳ ಕೈಯದ್ದೇ. ಕೈಯ ತಪ್ಪೂ ಪೆಲೆಟ್‌ನ ತಪ್ಪೂ ನೇರವಾಗಿ ಕೂಡುವುದಿಲ್ಲ, ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಬೇಕು. ಹಾಗೆ ಲೆಕ್ಕ ಹಾಕಿದರೆ ಕೆಂಪು ಬಿಟ್ಟು ಹಳದಿ ಹಿಡಿದದ್ದಕ್ಕೆ ಅರವತ್ತು ಹೊಡೆತಕ್ಕೆ ಸುಮಾರು ಮೂರೂವರೆ ಅಂಕ. ಮಗಳ ಮುಖ ಬಾಡಿತು, ಅವಳು ಹತ್ತು ಅಂದುಕೊಂಡಿದ್ದಳು. ಆ 9.6ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳದ್ದೇ ಎಂದು ಹೇಳುವ ಕೆಲಸವನ್ನು ಕೋಚ್ ಸರ್‌ಗೆ ಬಿಟ್ಟೆ.

ಹಳದಿ ಮುಗಿಯುತ್ತಾ ಬಂದಾಗ ಅದೇ ಕಂಪನಿ, ಅದೇ ತಲೆಯಳತೆಯ ಇನ್ನೊಂದು ಡಬ್ಬಿ ತಂದೆ. ಅಭ್ಯಾಸಬಲದಿಂದ ಒಮ್ಮೆ ಕ್ಲ್ಯಾಂಪಿಗೆ ಹಾಕಿದೆ. 2.3! ಡಬ್ಬಿ ತಿರುಗಿಸಿ ನೋಡಿದರೆ ಲಾಟ್ ಬೇರೆ. ಪೆಲೆಟ್ ಒತ್ತುವ ಅಚ್ಚು, ಅಂದರೆ ಡೈ ಸವೆಯುತ್ತದೆ, ಡೈ ಬದಲಾಗುತ್ತದೆ. ಲೇಬಲ್ ಮಾತ್ರ ಬದಲಾಗುವುದಿಲ್ಲ. ಪುಣೆಯ ಅಂಗಡಿಗಳಲ್ಲಿ ಹಳೇ ಲಾಟ್ ಇರಲಿಲ್ಲ. ಫೋನ್ ಮಾಡುತ್ತಾ ಹೋಗಿ, ಮುಂಬೈಯ ಒಬ್ಬ ಡೀಲರ್ ಹತ್ತಿರ ಏಳು ಡಬ್ಬಿ ಇದೆ ಎಂದು ಗೊತ್ತಾಯಿತು. ಬೆಳಿಗ್ಗೆ ಡೆಕ್ಕನ್ ಕ್ವೀನ್ ಹತ್ತಿ ಹೋಗಿ, ಒಂದೊಂದು ಡಬ್ಬಿಯ ನಂಬರ್ ಓದಿ, ಏಳನ್ನೂ ತಂದೆ. ಏಳೂ ಸೇರಿ ಎರಡು ಕಿಲೋ ಇಲ್ಲ.

ಹೊಸ ಪೆಲೆಟ್‌ನಲ್ಲಿ ಅವಳು ಆಡಿದ ಮೂರು ಮ್ಯಾಚ್: 620, 623, 619. ಅಪ್ಪನ ಲೆಕ್ಕ ಸರಿ ಎಂದು ಅವಳು ಕುಣಿದಳು. ನಾನು ಕುಣಿಯಲಿಲ್ಲ. ಮೂರು ಮ್ಯಾಚ್ ಎಂದರೆ ಮೂರು ಹೊಡೆತದ ಗುಂಪಿದ್ದ ಹಾಗೆ.

ಏಳು ಡಬ್ಬಿ, ಡಬ್ಬಿಗೆ ಐನೂರು, ಒಟ್ಟು 3,500. ದಿನದ ಅಭ್ಯಾಸಕ್ಕೆ ಆರು ಡಬ್ಬಿ ಕೆಂಪು ಹೇಗೂ ಬಿದ್ದಿದೆ. ಹಳದಿ ಮ್ಯಾಚಿಗೆ ಮಾತ್ರ. ಸೈಟರ್, ಅಂದರೆ ಲೆಕ್ಕಕ್ಕೆ ಬಾರದ ಮೊದಲ ಹೊಡೆತಗಳೂ ಸೇರಿ ಮ್ಯಾಚಿಗೆ ನೂರು ಹಿಡಿದರೂ ಮೂವತ್ತೈದು ಮ್ಯಾಚ್ ಬರುತ್ತದೆ. ಪುಣೆಯ ಮಳೆಗಾಲದ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಹಾಗಾಗಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಚಕ್ಕುಲಿಯ ಸ್ಟೀಲ್ ಡಬ್ಬಿಯೊಂದರಲ್ಲಿ ಮುಚ್ಚಿ, ಮೇಲೆ ಲಾಟ್ ನಂಬರ್ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಹೋದ ವಾರ ಊರಿಂದ ಬಂದ ಅಮ್ಮ ಚಕ್ಕುಲಿ ಎಂದು ಮುಚ್ಚಳ ತೆಗೆದು, ಒಂದು ಕ್ಷಣ ನೋಡಿ, "ನಿನ್ನ ಅಜ್ಜನೂ ಚರೆ ಇಡ್ತಿದ್ದದ್ದು ಚಕ್ಕುಲಿ ಡಬ್ಬಿಯಲ್ಲೇ" ಎಂದು ಮುಚ್ಚಿದರು.