ಸಂಡೂರಿನ ಅದಿರಿನ ಲೆಕ್ಕವನ್ನು ಜೋರ್ಕ್‌ಗೆ ಹೊಂದಿಸುವಾಗ

ಕಬ್ಬಿಣದ ಅದಿರಿನ ಗಣಿಯ ಮೈನಿಂಗ್ ಪ್ಲಾನ್ ಕೊಟ್ಟು ‘ಜೋರ್ಕ್ ಪ್ರಕಾರ ಮಾಡಿಕೊಡಿ’ ಎನ್ನುವವರು ಕೋಡ್ ಬದಲಿಸಿದರೆ ಕೆಲಸ ಮುಗಿಯಿತು ಅಂದುಕೊಂಡಿರುತ್ತಾರೆ. ಜೋರ್ಕ್ ಎಂದರೆ ಅದಿರಿನ ಲೆಕ್ಕವನ್ನು ವರದಿ ಮಾಡಲು ಆಸ್ಟ್ರೇಲಿಯಾದಲ್ಲಿ ರೂಪಿಸಿದ ಸಂಹಿತೆ. ನಮ್ಮ ಪ್ಲಾನಿನ ಮೂರಂಕಿಯ ಕೋಡಿನಲ್ಲಿ 111 ಎಂದರೆ ಜೋರ್ಕ್‌ನ ಪ್ರೂವ್ಡ್, 121 ಮತ್ತು 122 ಪ್ರಾಬಬಲ್; ಇವು ರಿಸರ್ವ್, ಅಂದರೆ ತೆಗೆದರೆ ಗಿಟ್ಟುತ್ತದೆ ಎಂದು ಅಧ್ಯಯನದಿಂದ ತೋರಿಸಿದ ಅದಿರು. 331, 332, 333 ಕ್ರಮವಾಗಿ ಮೆಷರ್ಡ್, ಇಂಡಿಕೇಟೆಡ್, ಇನ್ಫರ್ಡ್; ಇವು ರಿಸೋರ್ಸ್, ಅಂದರೆ ನೆಲದಲ್ಲಿರುವ ಅದಿರಿನ ಅಂದಾಜು, ಖಚಿತತೆ ಇಳಿಯುವ ಕ್ರಮದಲ್ಲಿ. ಹೆಸರಿನ ಮಟ್ಟಿಗೆ ಸರಿ, ಟನ್ನಿನ ಮಟ್ಟಿಗೆ ಅಲ್ಲ.

ನಾನು ಮೊದಲು ನೋಡುವುದು ಕೋಡಿನ ಆವೃತ್ತಿ. ನಮ್ಮ ಪ್ಲಾನ್‌ಗಳಲ್ಲಿರುವುದು ಯುಎನ್‌ಎಫ್‌ಸಿಯ (ವಿಶ್ವಸಂಸ್ಥೆಯ ವರ್ಗೀಕರಣ ಪದ್ಧತಿ) 1997ರ ಚೌಕಟ್ಟಿನ ಅಂಕಿಗಳು. ಅದರಲ್ಲಿ ಮೊದಲ ಅಂಕಿ 3 ಇದ್ದರೆ ಲಾಭ-ನಷ್ಟದ ಅಧ್ಯಯನ ಇನ್ನೂ ಆಗಿಲ್ಲ ಎಂದಷ್ಟೇ ಅರ್ಥ. 2009ರ ಆವೃತ್ತಿಯಲ್ಲಿ ಮೆಷರ್ಡ್ ಎಂದರೆ ಇ2, ಎಫ್2, ಜಿ1 (ಇ ಲಾಭದಾಯಕತೆ, ಎಫ್ ಯೋಜನೆಯ ಕಾರ್ಯಸಾಧ್ಯತೆ, ಜಿ ಭೂವಿಜ್ಞಾನದ ಖಚಿತತೆ). ನಮ್ಮ 331 ಅನ್ನು ಇ3, ಎಫ್3, ಜಿ1 ಎಂದು ಓದಿದವರು ಒಳ್ಳೆಯ ಅದಿರನ್ನೇ ಲೆಕ್ಕದಿಂದ ಕೈಬಿಡುತ್ತಾರೆ. 334 ಅನ್ನು ಮಾತ್ರ ನಾನು ಯಾವ ಮೊತ್ತಕ್ಕೂ ಸೇರಿಸುವುದಿಲ್ಲ. ಅದು ಅನ್ವೇಷಣೆಯ ಮಾಹಿತಿ, ರಿಸೋರ್ಸ್ ಅಲ್ಲ.

ತಲೆನೋವು 211, 221, 222ರದ್ದು, ಅಂದರೆ ಅಧ್ಯಯನ ಆಗಿದ್ದರೂ ಸದ್ಯಕ್ಕೆ ತೆಗೆಯಲಾಗದ ಅದಿರಿನದ್ದು. ಲೀಸ್ ಗಡಿಯಲ್ಲಿ ತೋಡದೆ ಬಿಡಬೇಕಾದ 7.5 ಮೀಟರ್ ಪಟ್ಟಿಯಲ್ಲಿ, ಬೆಂಚುಗಳ (ಗಣಿಯ ಮೆಟ್ಟಿಲುಗಳ) ಇಳಿಜಾರಿನ ಹಿಂದೆ ಸಿಕ್ಕಿಕೊಂಡ ಅದಿರೆಲ್ಲ ಬಂದು ಕೂರುವುದು ಇಲ್ಲೇ. ಪಕ್ಕದ ಲೀಸಿನವರ ಜೊತೆ ಒಪ್ಪಂದವಿಲ್ಲದಿದ್ದರೆ ಗಡಿಪಟ್ಟಿಯದನ್ನು ತೆಗೆದುಹಾಕುತ್ತೇನೆ. ಇಳಿಜಾರಿನದು, ಅದಿರಿನ ಬೆಲೆ ಕೊಂಚ ಏರಿಸಿ ಲೆಕ್ಕ ಹಾಕಿದ ದೊಡ್ಡ ಪಿಟ್ಟಿನೊಳಗೆ (ಗಣಿಯ ಗುಂಡಿಯೊಳಗೆ) ಬಂದರೆ ಉಳಿಯುತ್ತದೆ. ಬಳ್ಳಾರಿಯಲ್ಲಿ ಇನ್ನೊಂದು ಗೊಂದಲವೂ ಉಂಟು: ಇಲ್ಲಿಯ ಎ, ಬಿ, ಸಿ ಲೀಸಿನ ಅಕ್ರಮದ ಪ್ರಮಾಣ ನೋಡಿ ಮಾಡಿದ ವಿಂಗಡಣೆ, ಅದಿರಿನ ಖಚಿತತೆ ಹೇಳುವ ರಷ್ಯಾ ಪದ್ಧತಿಯ ಎ, ಬಿ, ಸಿ1ಕ್ಕೂ ಅದಕ್ಕೂ ಸಂಬಂಧವಿಲ್ಲ.

ಟನ್ನು ಹೆಚ್ಚಾಗಿ ಏರುಪೇರಾಗುವುದು ಸಾಂದ್ರತೆಯಲ್ಲಿ. ಸೆಕ್ಷನ್ನಿನ (ಅದಿರಿನ ಅಡ್ಡ ಸೀಳಿನ) ವಿಸ್ತೀರ್ಣ 1,200 ಚದರ ಮೀಟರ್, ಅದು ಲೆಕ್ಕಕ್ಕೆ ಅನ್ವಯಿಸುವ ಪ್ರಭಾವದ ದೂರ 100 ಮೀಟರ್ ಅಂತಿಟ್ಟುಕೊಳ್ಳಿ. ಸಾಂದ್ರತೆ ಘನ ಮೀಟರಿಗೆ 3.5 ಟನ್ ಹಿಡಿದರೆ 4,20,000 ಟನ್, 3.2 ಹಿಡಿದರೆ 3,84,000. ಇಡೀ ಗಣಿಗೆ ಒಂದೇ ಸಂಖ್ಯೆ ಹಾಕಿದ ಪ್ಲಾನನ್ನು ನಾನು ನಂಬುವುದಿಲ್ಲ. ಗಟ್ಟಿ ಅದಿರಿನ ಕೋರನ್ನು (ಬೋರ್ ಕೊರೆದು ತೆಗೆದ ಕಲ್ಲಿನ ಕಂಬಿ) ಒಣಗಿಸಿ, ಮೇಣ ಹಚ್ಚಿ ನೀರಿನಲ್ಲಿ ತೂಗಬೇಕು. ಮೇಣವಿಲ್ಲದಿದ್ದರೆ ರಂಧ್ರಗಳಿಗೆ ನೀರು ಹೊಕ್ಕು ಸಾಂದ್ರತೆ ಹೆಚ್ಚಾಗಿ ಕಾಣುತ್ತದೆ. ಬ್ಲೂ ಡಸ್ಟ್, ಅಂದರೆ ಪುಡಿಪುಡಿಯಾದ ಹೆಮಟೈಟ್ ಅದಿರು, ಕೋರಾಗಿ ನಿಲ್ಲುವುದಿಲ್ಲ. ಅದಕ್ಕೆ ಗುಂಡಿ ತೋಡಿ, ತೆಗೆದ ಪುಡಿಯನ್ನು ಒಣಗಿಸಿ ತೂಗಿ, ಗುಂಡಿಗೆ ಅಳತೆಯ ಮರಳು ತುಂಬಿ ಗಾತ್ರ ತಿಳಿಯಬೇಕು. ಕೋರ್ ರಿಕವರಿ (ಕೊರೆದ ಉದ್ದದಲ್ಲಿ ಕೈಗೆ ಸಿಕ್ಕ ಪಾಲು) ಕಡಿಮೆ ಇರುವ ಬ್ಲೂ ಡಸ್ಟ್ ಭಾಗವನ್ನು, ಬೋರ್‌ಗಳು ಎಷ್ಟೇ ಹತ್ತಿರವಿದ್ದರೂ, ಮೆಷರ್ಡ್ ಎನ್ನಲಾರೆ. ನಮ್ಮ ನಿಯಮದಲ್ಲಿ ಬೋರ್ ಅಂತರ ನಿಗದಿಯಾಗಿದೆ. ಜೋರ್ಕ್‌ನಲ್ಲಿ ಅಂತಹ ಪಟ್ಟಿಯೇ ಇಲ್ಲ, ವರ್ಗಕ್ಕೆ ಸಹಿ ಹಾಕುವವರೇ ಹೊಣೆ. ಆ ಬಗೆಯ ಅದಿರಿನಲ್ಲಿ ಅವರಿಗೆ ಕನಿಷ್ಠ 5 ವರ್ಷದ ಅನುಭವವಿರಬೇಕು.

ಹೆಮಟೈಟಿಗೆ ಐಬಿಎಂ (ಭಾರತೀಯ ಗಣಿ ಬ್ಯೂರೋ) ಹೇಳುವ 45% ಎಫ್‌ಇ, ಅಂದರೆ ಕಬ್ಬಿಣದ ಅಂಶ, ಕಾನೂನಿನ ಕನಿಷ್ಠ ಮಿತಿ. ಜೋರ್ಕ್ ಕೇಳುವ ಕಟ್-ಆಫ್ (ಲೆಕ್ಕಕ್ಕೆ ಸೇರಲು ಬೇಕಾದ ಕನಿಷ್ಠ ಅಂಶ) ಬೇರೆ: ತೊಳೆದು, ಸಾಗಿಸಿ, ಮಾರಿದರೆ ಗಿಟ್ಟುತ್ತದೆಯೇ ಎಂದು ತೋರಿಸಬೇಕು. ಹೀಗಾಗಿ ಅದಿರಿನ ಕಂಪ್ಯೂಟರ್ ಮಾಡೆಲನ್ನು ಹೊಸ ಕಟ್-ಆಫ್‌ನಲ್ಲಿ ಮತ್ತೆ ಓಡಿಸಲೇಬೇಕು.

ಕೊನೆಗೆ ಕೂಡುವಾಗ ಎಚ್ಚರ ಬೇಕು. ನಮ್ಮ ಪ್ಲಾನ್‌ನಲ್ಲಿ ‘ಉಳಿದ ರಿಸೋರ್ಸ್’ ರಿಸರ್ವನ್ನು ಬಿಟ್ಟ ಲೆಕ್ಕ. ವಿದೇಶಿ ವರದಿಗಳಲ್ಲಿ ರಿಸರ್ವ್ ಬಹಳಷ್ಟು ಸಲ ರಿಸೋರ್ಸಿನ ಒಳಗೇ ಇರುತ್ತದೆ. ಯಾವುದೆಂದು ಕೋಷ್ಟಕದ ಕೆಳಗೆ ಬರೆಯದಿದ್ದರೆ ಓದುವವರು ಎರಡು ಸಲ ಕೂಡುತ್ತಾರೆ. ಹಳೆಯ ಮೊತ್ತದಿಂದ ಹೊಸದಕ್ಕೆ ಸಾಂದ್ರತೆ, ಕಟ್-ಆಫ್, ಗಡಿಪಟ್ಟಿ, ತೆಗೆದ ಅದಿರು ಎಂದು ಒಂದೊಂದು ಸಾಲು ಹಾಕುತ್ತೇನೆ. ಆಗಲೂ ಲೆಕ್ಕ ಕೂಡದಿದ್ದರೆ ಪ್ಲಾನಿನ ಸರ್ವೆ ನಕ್ಷೆಯ ದಿನಾಂಕ ನೋಡಿ.